ಗಡಿಯಾಚೆಯ ದಾಯಾದಿ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಹಂಚಿಹೋಗಿ, ಬೀದರ್ ಜಿಲ್ಲೆಯ ಜಹೀರಾಬಾದ್ ತಾಲೂಕಿನ ಬಹುಭಾಗ ಮತ್ತು ನಾರಾಯಣಖೇಡ, ಗುಲಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶಕ್ಕೆ ಸೇರಿದಾಗ, ಹೊಲಗಳ ಜೊತೆಗೆ ಅಣ್ಣತಮ್ಮಂದಿರೂ ಎರಡು ರಾಜ್ಯಗಳ ಪಾಲಾದರು. ಬೀಗರೂಟಕ್ಕೆ ಮಾತ್ರ ಗಡಿ ಅಡ್ಡಬರಲಿಲ್ಲ. ಇಲ್ಲಿಯ ಕನ್ನಡ ಮನೆತನಗಳ ಮೂಲ ಹುಡುಕಹೊರಟವರಿಗೆ ಎದುರಾಗುವುದು ನಿಜಾಮರ ಕಾಲದ ಉರ್ದು ಕಂದಾಯ ದಾಖಲೆ. ಅದರ ಲೆಕ್ಕವೆಲ್ಲ ಫಸಲಿಯಲ್ಲಿ, ಅಂದರೆ ಬೆಳೆಗಾಲವನ್ನು ಆಧರಿಸಿದ ಕಂದಾಯ ವರ್ಷದಲ್ಲಿ ಇರುವುದರಿಂದ, ಸುಮಾರು 590 ಕೂಡಿಸಲು ಮರೆತರೆ ಫಸಲಿ 1330ರಲ್ಲಿ ಹೊಲ ಉತ್ತ ಮುತ್ತಜ್ಜ 1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕಿಂತಲೂ ಹಿರಿಯನಾಗಿಬಿಡುತ್ತಾನೆ.

ಇದಕ್ಕಿಂತ ಹೆಳವರೇ ವಾಸಿ. ಉತ್ತರ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ವಂಶಾವಳಿ ಹೇಳುವುದನ್ನು ಕುಲಕಸುಬಾಗಿಸಿಕೊಂಡ ಇವರು ತಲೆಮಾರುಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಹೊಗಳಿಕೆಯ ಪ್ರಮಾಣ ಮೊರದಲ್ಲಿ ಬರುವ ಜೋಳವನ್ನು ಅವಲಂಬಿಸುತ್ತದೆಂಬ ಮಾತನ್ನು ಪೂರ್ತಿ ತಳ್ಳಿಹಾಕಲಾಗದು.

ಇಷ್ಟಾಗಿ ಬೀದರಿನವನೊಬ್ಬ ತಾಂಡೂರಿನ ದಾಯಾದಿಯ, ಎಂದರೆ ಪಿತ್ರಾರ್ಜಿತದಲ್ಲಿ ಪಾಲುಳ್ಳ ಸಂಬಂಧಿಯ, ಮನೆ ಹೊಕ್ಕರೆ, 'ಬರ್ರಿ ಕಾಕಾ' ಎಂಬ ಸ್ವಾಗತಕ್ಕೂ ಚಹಾಕ್ಕೂ ನಡುವೆ ಒಂದು ಅನುಮಾನ ಸುಳಿಯುತ್ತದೆ: ದಾಯಾದಿಯ ಮನೆಯಲ್ಲಿ ಕನ್ಯೆ ಕೇಳುವಂತಿಲ್ಲವಾದ್ದರಿಂದ, ಬಂದದ್ದು ಹೊಲಕ್ಕೇ ಇರಬೇಕು. ಆದ್ದರಿಂದ ಮೂಲಶೋಧಕರು ಹೊಲದ ಪಹಣಿಯನ್ನು ಮನೆಯಲ್ಲೇ ಬಿಟ್ಟು, ಮೊದಲ ಭೇಟಿಯನ್ನು ಜಹೀರಾಬಾದ್ ಬಳಿಯ ಝರಾಸಂಗಮದ ಕೇತಕಿ ಸಂಗಮೇಶ್ವರನ ಸನ್ನಿಧಿಯಲ್ಲೇ ಇಟ್ಟುಕೊಳ್ಳುವುದು ಕ್ಷೇಮ.