ಆರು ದಿನದ ತಜ್ಞರು

2021ರ ಮಾರ್ಚ್ 23ರಂದು ‘ಎವರ್ ಗಿವನ್’ ಎಂಬ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಕೂಡಲೇ ಗಲ್ಲಿಗಲ್ಲಿಯಲ್ಲಿ ನೌಕಾತಜ್ಞರು ಹುಟ್ಟಿಕೊಂಡರು. ಸ್ಕೂಟರನ್ನು ಗೇಟಿನೊಳಗೆ ತರಲು ನಾಲ್ಕು ಸಲ ಕಾಲೂರುವವರೂ “ಸ್ವಲ್ಪ ರಿವರ್ಸ್ ತಗೊಂಡು ಎಡಕ್ಕೆ ಕಟ್ ಹೊಡೀಬೇಕಿತ್ತು ಕಣ್ರೀ” ಎಂದರು. ಹಡಗಿನ ಮೂತಿಯಡಿ ಮಣ್ಣು ಕೆರೆಯುತ್ತಿದ್ದ ಪುಟ್ಟ ಹಳದಿ ಯಂತ್ರವಂತೂ (ನಮ್ಮ ಬಾಯಲ್ಲಿ ಎಲ್ಲವೂ ಜೆಸಿಬಿಯೇ) ಸಿನಿಮಾ ನಟರನ್ನೂ ಮೀರಿಸಿ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು.

29ರಂದು ಹುಣ್ಣಿಮೆಯ ಉಬ್ಬರ, ಟಗ್ ದೋಣಿಗಳ ಎಳೆತ ಎರಡೂ ಕೂಡಿಬಂದು ಹಡಗು ಬಿಡಿಸಿಕೊಂಡಿತು. ತಜ್ಞರೆಲ್ಲ ಅದೇ ಸಂಜೆ ನಿವೃತ್ತರಾಗಿ, ಐಪಿಎಲ್ ತಂಡದ ಆಯ್ಕೆಗೆ ಕೈಹಾಕಿದರು.

ಹಡಗು ಮಾತ್ರ ಊರು ಸೇರಲಿಲ್ಲ. ಕಾಲುವೆಯ ಆಡಳಿತದವರು ಮೊದಲು 91.6 ಕೋಟಿ ಡಾಲರ್ ಪರಿಹಾರ ಕೇಳಿ, ಅದನ್ನು ಪಕ್ಕದ ಗ್ರೇಟ್ ಬಿಟರ್ ಸರೋವರದಲ್ಲಿ ಹಿಡಿದಿಟ್ಟರು. ಚೌಕಾಸಿ ಮುಗಿದು ಹಡಗು ಹೊರಟಿದ್ದು ಜುಲೈ 7ಕ್ಕೆ. ಸಿಕ್ಕಿಕೊಂಡ ದಿನ ಅದರಲ್ಲಿದ್ದ 25 ಸಿಬ್ಬಂದಿಯೂ ಭಾರತೀಯರೇ. ಆರು ದಿನ ಕಣ್ಣು ಮಿಟುಕಿಸದೆ ನೋಡಿದ ನಾವು, ಆಮೇಲಿನ ಮೂರು ತಿಂಗಳು ಅತ್ತ ತಲೆಹಾಕಿಯೂ ಮಲಗಲಿಲ್ಲ.

ಲೋಕದ ಗಮನ ಬೇಕಿದ್ದರೆ ಅಡ್ಡ ನಿಲ್ಲಬೇಕು. ಬದಿಗೆ ಸರಿದು ಶಿಸ್ತಾಗಿ ಕಷ್ಟಪಟ್ಟರೆ ಕೇಳುವವರಿಲ್ಲ. ಅನುಮಾನವಿದ್ದರೆ ಪಕ್ಕದವರನ್ನು ಆ ಹಡಗೇನಾಯಿತೆಂದು ಕೇಳಿ ನೋಡಿ. “ಓ ಅದಾ? ಮುಳುಗಿತಲ್ಲ!” ಎಂದು ಅಷ್ಟೇ ಖಚಿತವಾಗಿ ಹೇಳುತ್ತಾರೆ.