ಇಸಿಎಂ ಸಾಹೇಬರ ಮುನಿಸು

ನಾರಾಯಣಪುರದ ಚಾಲುಕ್ಯರ ಕಾಲದ ಗುಡಿಗೆ ಒಂದು ಸೆನ್ಸರೂ ಇಲ್ಲ, ಗಟ್ಟಿಯಾಗಿ ನಿಂತಿದೆ. ಅದರ ಪಕ್ಕದ ಬಿಎಸ್-6 ಪಿಕಪ್ ಮಾತ್ರ ಹೊರಡಲೊಲ್ಲದು. ಹಿಂದೆಲ್ಲ ಗಾಡಿ ಕೆಟ್ಟರೆ ಊರೇ ಬಾನೆಟ್ಟಿನೊಳಗೆ ಇಣುಕಿ ಸಲಹೆ ಕೊಡುತ್ತಿತ್ತು. 2020ರ ಏಪ್ರಿಲ್‌ನಿಂದ ಬಂದ ಈ ಬಿಎಸ್-6 ಗಾಡಿಗಳಿಗೆ ಸ್ಕ್ಯಾನರ್ ಚುಚ್ಚದೆ ನಾಡಿಯೇ ಸಿಗದು.

ಬಸವಕಲ್ಯಾಣದ ಹುಡುಗ ಕೋಡ್ ನೋಡಿದವನೇ, “ಎಂಜಿನ್ನಿನ ಕಂಪ್ಯೂಟರ್, ಇಸಿಎಂ, ಹೋಗ್ಯಾದ್ರಿ ಕಾಕಾ, ಹೊಸಾದೇ ಹಾಕ್ಬೇಕು” ಅಂದ. ಹುಮನಾಬಾದಿನ ಹಳೇ ವೈರಿಂಗ್ ಮಿಸ್ತ್ರಿ ಮಾತಾಡದೆ ಮಲ್ಟಿಮೀಟರ್ ಹಿಡಿದ. ಸೆನ್ಸರ್ ವೈರಿಗೆ ಬರಬೇಕಾದ 5 ವೋಲ್ಟ್ ನಾಪತ್ತೆ. ಸಾಕೆಟ್‌ಗಳನ್ನು ಒಂದೊಂದಾಗಿ ಕಿತ್ತ. ಒಂದನ್ನು ಕಿತ್ತದ್ದೇ ತಡ, 5 ವೋಲ್ಟ್ ಹಾಜರ್! ಶಾರ್ಟ್ ಆದದ್ದು ಚಿಲ್ಲರೆ ಸೆನ್ಸರ್, ಗಲ್ಲುಶಿಕ್ಷೆ ಇಸಿಎಮ್ಮಿಗೆ.

ಇಸಿಎಂ ನಿಜಕ್ಕೂ ಸುಟ್ಟಿದ್ದರೂ ಗುಜರಿಯದನ್ನು ತಂದು ಸಿಕ್ಕಿಸಿದರೆ ಆಗದು. ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕೀಲಿಯ ಗುರುತೇ ಹಿಡಿಯುವುದಿಲ್ಲ. ಆದ್ದರಿಂದ ನೋಟು ಎಣಿಸುವ ಮುನ್ನ ಬ್ಯಾಟರಿ, ಫ್ಯೂಸ್, ಅರ್ತ್ ವೈರ್, ಸೆನ್ಸರ್ ನೋಡಿಸ್ರಿ.