ಗುಣಾಕಾರದ ಗಿರಾಕಿಗಳು

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಅರ್ಥಶಾಸ್ತ್ರಜ್ಞರಿಗೆ ಬರವಿಲ್ಲ. ಚಾಂಪಿಯನ್, ಊರ್ಗಾಂ ದಾಟುವಷ್ಟರಲ್ಲಿ ಚಿನ್ನದ ರೇಟು ಮಾತಿಗೆ ಬರುತ್ತದೆ. ಕೋರಮಂಡಲ್ ಬಂತೆನ್ನುವಾಗ ಯಾರಾದರೊಬ್ಬರು ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆಗೆದಿರುತ್ತಾರೆ. ಕೆಜಿಎಫ್ ಗಣಿಗಳು ನೂರಿಪ್ಪತ್ತು ವರ್ಷದಲ್ಲಿ ಕೊಟ್ಟದ್ದು ಸುಮಾರು 800 ಟನ್ ಚಿನ್ನ. ಈಗ ಹತ್ತು ಗ್ರಾಂಗೆ ಲಕ್ಷ ದಾಟಿದೆ. ಗುಣಿಸಿ ನೋಡಿ, ಎಂಟು ಲಕ್ಷ ಕೋಟಿ! ಲೆಕ್ಕ ಮಾಡಿದ ಪುಣ್ಯಾತ್ಮನಿಗೆ ಕೂರಲು ಸೀಟಿಲ್ಲ, ಬಾಗಿಲ ಕಂಬಿ ಹಿಡಿದು ನಿಂತಿದ್ದಾನೆ.

"ಇಂಥಾ ಗಣಿ ಮುಚ್ಚಿದ್ರಲ್ಲ ಸಾರ್!" ಎಂದು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಶಾಪ ಬೀಳುತ್ತದೆ.

ನಮ್ಮ ಜನಕ್ಕೆ ಗುಣಾಕಾರ ಬಾಯಿಪಾಠ, ಕಳೆಯುವ ಲೆಕ್ಕ ಮಾತ್ರ ಬೇಡ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಹತ್ತು ಗ್ರಾಂ ಚಿನ್ನಕ್ಕೆ ನಾಲ್ಕು ಸಾವಿರ ಚಿಲ್ಲರೆ. ಅದನ್ನು ತೆಗೆಯಲು ಬೀಳುತ್ತಿದ್ದ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ಶುರುವಿನಲ್ಲಿ ಟನ್ ಕಲ್ಲಿಗೆ ನಲವತ್ತು ಗ್ರಾಂ ದಾಟಿ ಸಿಕ್ಕಿದ್ದು ಕೊನೆಗೆ ಮೂರು ನಾಲ್ಕು ಗ್ರಾಂಗೆ ಇಳಿದಿತ್ತು. ಅದಕ್ಕಾಗಿ ಮೂರು ಕಿಲೋಮೀಟರ್ ಆಳಕ್ಕೆ, ಕಲ್ಲೇ ಸುಡುವ ಜಾಗಕ್ಕೆ ಮನುಷ್ಯರನ್ನು ಇಳಿಸಬೇಕು, ಗಾಳಿ ಊದಬೇಕು, ನೀರು ಎತ್ತಬೇಕು.

ಹಾಗಂತ ಮುಚ್ಚಿದವರು ಮಹಾ ಬುದ್ಧಿವಂತರು ಅಂದುಕೊಳ್ಳಬೇಡಿ. ಆ ಹೊತ್ತಿಗೆ ಜಗತ್ತಿನಲ್ಲೇ ಚಿನ್ನ ನೆಲ ಕಚ್ಚಿತ್ತು. ರೈಲಿನವನು ಇವತ್ತಿನ ರೇಟನ್ನು ನೂರಿಪ್ಪತ್ತು ವರ್ಷ ಹಿಂದಕ್ಕೆ ಎಳೆಯುತ್ತಾನೆ. ದೆಹಲಿಯವರು ಅವತ್ತಿನ ರೇಟು ಎಂದೆಂದಿಗೂ ಇರುತ್ತದೆಂದು ಫೈಲು ಕಟ್ಟಿದರು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು! ವ್ಯತ್ಯಾಸ ಇಷ್ಟೇ, ದೆಹಲಿಯವರ ಲೆಕ್ಕಕ್ಕೆ ಸಾವಿರಾರು ಮನೆಗಳ ಸಂಬಳ ಹೋಯಿತು. ಅವರ ಮಕ್ಕಳೇ ಈಗ ಈ ರೈಲಿನಲ್ಲಿ ನಿಂತಿರುವುದು.

ಇನ್ನು ಸೈನೈಡ್ ದಿಬ್ಬಗಳು, ಅಂದರೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಗಣಿಯ ಪಕ್ಕ ಸುರಿದ ಕಲ್ಲುಪುಡಿಯ ಗುಡ್ಡೆಗಳು; ಅದರಲ್ಲಿ ಉಳಿದ ಚಿನ್ನಕ್ಕೂ ರೈಲಿನಲ್ಲಿ ಗುಣಾಕಾರ ನಡೆಯುತ್ತದೆ. ಹದಿಮೂರು ದಿಬ್ಬ, ಸುಮಾರು 3.3 ಕೋಟಿ ಟನ್ ಮಣ್ಣು. ಟನ್ನಿಗೆ ಹೆಚ್ಚೆಂದರೆ ಒಂದು ಗ್ರಾಂ ಅನ್ನಿ. ಹತ್ತು ಟನ್ನಿನ ಒಂದು ಲಾರಿ ತುಂಬಿದರೆ ಒಂದು ಸಣ್ಣ ಸರಕ್ಕಾಯಿತು. ಲಾರಿ ಬಾಡಿಗೆ, ಡೀಸೆಲ್, ಕೂಲಿ, ಮತ್ತೆ ಸೈನೈಡ್, ಗಾಳಿಗೆ ಹಾರುವ ದೂಳಿಗೆ ಕೆಮ್ಮುವ ಅಕ್ಕಪಕ್ಕದ ಕಾಲೋನಿ: ಇದನ್ನೆಲ್ಲ ಕಳೆಯುವವನು ಯಾರು? ಅಷ್ಟರಲ್ಲಿ ಬಂಗಾರಪೇಟೆ ಬಂದುಬಿಡುತ್ತದೆ.

ಅಲ್ಲಿಯ ಬಂಗಾರ ಬೇರೆಯೇ. ನೀರಿನಂತೆ ತಿಳಿಯಾದ ಪಾನಿ, ಬಾಯಿಗಿಟ್ಟರೆ ಕಿವಿಯಲ್ಲಿ ಹೊಗೆ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ 'ಬಂಗಾರಪೇಟೆ ಪಾನಿಪುರಿ' ಬೋರ್ಡು. ಅವೆಲ್ಲ ನಿಜವಾಗಿದ್ದರೆ ಬಂಗಾರಪೇಟೆಯಲ್ಲಿ ಪೂರಿ ಕರಿಯಲು ಒಬ್ಬನೂ ಉಳಿಯುತ್ತಿರಲಿಲ್ಲ. ಊರಿನ ಹೆಸರು ಊರಿಗೆ ನಯಾಪೈಸೆ ಬಾಡಿಗೆ ತಾರದೆ ದುಡಿಯುತ್ತಿದೆ.

ಆ ಕಡೆ ಹೋದರೆ ಇಳಿದು ಒಂದು ಪ್ಲೇಟ್ ತಿನ್ನಿ. ಚಿಲ್ಲರೆ ಮಾತ್ರ ಎಣಿಸಿಯೇ ಜೇಬಿಗಿಳಿಸಿ.